ನಾಲ್ಕನೇ ನಂಬರು

ಸೋಹಾರ್ ಬಂದರಿನ ಹಿಂದೆ, ಬಿಡಿಭಾಗಗಳ ಗೋದಾಮಿನಲ್ಲಿ,
ಬೇರಿಂಗು ಬೆಲ್ಟು ಗ್ಯಾಸ್ಕೆಟ್ಟುಗಳ ನಡುವೆ ಕೂತು
ಹದಿನಾರು ಹೆಸರು ಬರೆಯಬೇಕು ನಾನು
ಡೆಲಿವರಿ ಚೀಟಿಯ ಬೆನ್ನಿಗೆ.
ಹದಿನೈದು ಸಲೀಸು.
ಹದಿನಾರನೆಯ ಸಾಲಿಗೆ ಬಂದರೆ ಪೆನ್ನು ಮೊಂಡು ಹಿಡಿಯುತ್ತದೆ.

ಮಸ್ಕತ್ತಿನವರಿಗೆ ಬ್ಯಾಂಕಿನ ಹೆಸರು ಹೊತ್ತ ಬಸ್ಸಿದೆ,
ಟರ್ಫಿಗೆ ನೀರು ಚಿಮುಕಿಸುವ ಯಂತ್ರವಿದೆ.
ನಮಗೆ ದೇವಪುತ್ರ ಮಾಮನ ಪಿಕಪ್ಪು,
ಹಿಂದೆ ಐಸಿನ ಡಬ್ಬ, ಡಬ್ಬದ ಮೇಲೆ ನಮ್ಮ ಗೋಲ್‌ಕೀಪರು ಹಮ್ದಾನ್.
ಚೆನ್ನಾಗಿ ಆಡುವವರನ್ನು ಎರಡು ವರ್ಷ ಸಾಕುತ್ತೇವೆ,
ಮೂರನೆಯ ವರ್ಷ ದುಬೈ ಕರೆಯುತ್ತದೆ:
ನೆರಳಲ್ಲಿ ಕೆಲಸ, ಒಬ್ಬನಿಗೊಂದು ಕೋಣೆ, ಸಂಬಳ ಎರಡರಷ್ಟು.
ಹೋಗುತ್ತಾರೆ. ಹೋಗಲೇಬೇಕು. ನಾನಾದರೂ ಹೋಗುತ್ತಿದ್ದೆ.
ಉಳಿದವರು ನಿಷ್ಠರೋ, ಯಾರೂ ಕರೆಯದವರೋ,
ಹನ್ನೊಂದು ವರ್ಷ ತಂಡ ನಡೆಸಿಯೂ
ನನಗೆ ಬಿಡಿಸಿ ಹೇಳಲು ಬಂದಿಲ್ಲ.

ಮಾಮ ಬೆಟಗೇರಿಯವನು. ನನ್ನನ್ನು ಇಲ್ಲಿಗೆ ಕರೆಸಿದವನು.
ವೀಸಾ ಬರುವ ಮೊದಲೇ ಫೋನಿನಲ್ಲಿ ಕೇಳಿದ್ದ,
"ಎಡಕ್ಕ ಆಡ್ತೀಯೋ, ಬಲಕ್ಕೋ?"
ಮೊದಲ ರಾತ್ರಿ ಮಂಚ ಬಿಟ್ಟುಕೊಟ್ಟು
ನೆಲದಲ್ಲಿ ಮಲಗಿದ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು.
ಈಗ ನಲವತ್ತಾರು.
ಚೆಂಡು ಬರುವ ದಾರಿ ಎಲ್ಲರಿಗಿಂತ ಮೊದಲು ಅವನಿಗೆ ಗೊತ್ತು,
ಎಲ್ಲರಿಗಿಂತ ಕೊನೆಗೆ ತಲುಪುತ್ತಾನೆ.

ಗೋದಾಮಿನಲ್ಲಿ ನನಗೆ ಕಲಿಸಿದ ನಿಯಮ:
ಎರಡು ವರ್ಷ ಕದಲದ ಸರಕಿಗೆ ಕೆಂಪು ಚೀಟಿ.
ಅದು ಸರಕಿನ ತಪ್ಪಲ್ಲ, ಕಪಾಟು ಚಿಕ್ಕದು.
ಬರೆದೆ: ಅರ್ಸಲಾನ್, ಇಪ್ಪತ್ತೆರಡು, ಊರು ಗೋಜ್ರಾ.
ಕಾಗುಣಿತ ತಪ್ಪಿತು, ತಿದ್ದಿದೆ.
ಕೈ ನಡುಗಿತೆಂದು ಬೇಕಾದರೆ ಹೇಳಿಕೊಳ್ಳಬಹುದು.

ಮಾಮನಿಗೆ ಹೇಳಿದ್ದು ಕರಕ್ ಚಹಾದಂಗಡಿಯ ಮುಂದೆ,
ಪಿಕಪ್ಪಿನ ಎಂಜಿನ್ನು ಆರಿಸದೆ.
"ಯಾವಾಗ ಹೇಳ್ತೀ ಅಂತ ಎರಡು ವರ್ಷದಿಂದ ಕಾಯಾಕತ್ತೀನಿ."
ಕ್ಷಮೆಯೋ, ಬೈಗುಳವೋ. ಚಹಾ ಆರಿತು.
"ಆ ಹುಡುಗಗ ಹೇಳು, ಪೆನಾಲ್ಟಿ ಕಾರ್ನರಿನಾಗ
ಕಂಬ ಬಿಟ್ಟು ಓಡಬಾರ್ದು. ಎಲ್ಲಾರೂ ಓಡ್ತಾರ."
ಮಾರನೆಯ ದಿನ ಜೆರ್ಸಿ ಕಳಿಸಿದ, ಒಗೆಸಿ, ಇಸ್ತ್ರಿ ಮಾಡಿಸಿ.
ಕಾಲರಿನ ಒಳಗೆ ಲಾಂಡ್ರಿಯವನ ಚೀಟಿ, ಪಿನ್ನು ಹೊಡೆದದ್ದು:
ಇನ್ನೂರ ಹದಿನೇಳು.
ಮುನ್ನೂರು ಬೈಸಾ ಅವನೇ ಕೊಟ್ಟಿದ್ದ.

ಗೆದ್ದೆವು. ಹೌದು, ಇದನ್ನು ಮುಚ್ಚಿಡಲಾರೆ:
ಎರಡು ಒಂದು, ಬ್ಯಾಂಕಿನವರ ಎದುರು, ಅವರದೇ ನೀಲಿ ಟರ್ಫಿನಲ್ಲಿ,
ಎರಡೂ ಅರ್ಸಲಾನನ ಡ್ರ್ಯಾಗ್ ಫ್ಲಿಕ್ಕು.
ತಿಂದ ಒಂದು ಗೋಲು, ಅವನು ಬಿಟ್ಟೋಡಿದ ಕಂಬದ ಬದಿಯಿಂದ.
ಮಾಮ ಹೇಳಿದ್ದನ್ನು ನಾನು ಹೇಳಿರಲಿಲ್ಲ.
ಮರೆತೆನೆಂದುಕೊಂಡಿದ್ದೇನೆ.

ಐಸಿನ ಡಬ್ಬದ ಪಕ್ಕ ನಿಂತು
ಎಲ್ಲರಿಗಿಂತ ಜೋರಾಗಿ ಕೂಗಿದವನು ಮಾಮ.
ರಾತ್ರಿ ಇನ್ನೂರು ಕಿಲೋಮೀಟರು ಗೆದ್ದವರನ್ನು ಹೊತ್ತು ತಂದ,
ಬರ್ಕಾದಲ್ಲಿ ನಿಲ್ಲಿಸಿ ಎಲ್ಲರಿಗೂ ಪರೋಟ.
ಒಂದು ಕಹಿ ಮಾತಾಡಿದ್ದರೆ
ನನಗೆ ನಿದ್ದೆ ಬರುತ್ತಿತ್ತು.

ರಂಜಾನ್ ಮುಗಿದ ವಾರ ದುಬೈ ಕರೆಯಿತು.
"ಭಾಯಿಜಾನ್, ಬೇಜಾರಿಲ್ಲ ತಾನೆ?" ಅಂದ ಅರ್ಸಲಾನ್.
ಇಲ್ಲ ಎಂದೆ. ಬೇಜಾರಾಗುವ ಹಕ್ಕನ್ನು
ಆ ಚೀಟಿಯ ಬೆನ್ನಿಗೇ ಬರೆದುಕೊಟ್ಟಾಗಿತ್ತಲ್ಲ.

ಜೆರ್ಸಿ ವಾಪಸು ಬಂದಿದೆ, ಒಗೆಯದೆ, ಬೆವರು ಉಪ್ಪಾಗಿ.
ಕಾಲರಿನಲ್ಲಿ ಆ ಪಿನ್ನು ಇನ್ನೂ ಇದೆ, ತುಕ್ಕು ಹಿಡಿದು.
ಇಡೀ ಸೀಸನ್ನು ಹುಡುಗನ ಕುತ್ತಿಗೆಗೆ ಚುಚ್ಚಿರಬೇಕು,
ಒಮ್ಮೆಯೂ ಹೇಳಲಿಲ್ಲ.

ಶುಕ್ರವಾರ ಸೂರಿನ ತಂಡ ಬರುತ್ತದೆ.
ಹದಿನೈದು ಹೆಸರಾಗಿದೆ.
ಹೊರಗೆ ಪಿಕಪ್ಪಿನ ಹಾರನ್ನು, ಎರಡು ಸಲ, ಗಿಡ್ಡಗೆ.
ಡಬ್ಬಕ್ಕೆ ಐಸು ತುಂಬಿಸಲು ಬಂದಿರಬೇಕು.